ಹೆಸರು ಬೇರೆ, ಮಾತ್ರೆ ಅದೇ

“ಡಾಕ್ಟ್ರೇ, ಡೋಲೋ ನುಂಗಿದರೆ ಲಿವರ್ ಹಾಳಾಗುತ್ತಂತೆ, ನಿಜವೇ?” ಎಂದು ಕೇಳುವ ಪತ್ರಗಳು ಬರುತ್ತಲೇ ಇವೆ. ಡೋಲೋದಲ್ಲಿರುವುದು ಪ್ಯಾರಸಿಟಮಾಲ್. ಜ್ವರಕ್ಕೆ, ಮೈಕೈ ನೋವಿಗೆ ಹೇಳಿದಷ್ಟೇ ತೆಗೆದುಕೊಂಡರೆ ಅದು ಬಹುಪಾಲು ಜನಕ್ಕೆ ನಿರಪಾಯ. ಅಪರೂಪಕ್ಕೆ ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಕೇಡು ಬರುವುದು ಲೆಕ್ಕ ತಪ್ಪಿದಾಗ.

ಲೆಕ್ಕ ತಪ್ಪುವುದು ಹೀಗೆ. ಜ್ವರಕ್ಕೆಂದು 650 ಮಿಲಿಗ್ರಾಂನ ಮಾತ್ರೆ ದಿನಕ್ಕೆ ನಾಲ್ಕು, ಅಲ್ಲಿಗೆ 2600. ಮೂಗು ಸೋರುತ್ತದೆಂದು ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆ ಮೂರು. ಅದರಲ್ಲೂ ತಲಾ 500 ಇದ್ದರೆ ಒಟ್ಟು 4100. ಆರೋಗ್ಯವಂತ ದೊಡ್ಡವರಿಗೇ ದಿನದ ಮಿತಿ 4000. ಸಣಕಲು ಮೈಯವರಿಗೆ, ದಿನಾ ಕುಡಿಯುವವರಿಗೆ, ಊಟ ಬಿಟ್ಟು ಮಲಗಿದವರಿಗೆ ಇನ್ನೂ ಕಡಿಮೆ. “ಎರಡೂ ಬೇರೆ ಬೇರೆ ಮಾತ್ರೆ ಸಾರ್” ಎನ್ನುತ್ತಾರೆ. ಸ್ಟ್ರಿಪ್ ತಿರುಗಿಸಿ ತೋರಿಸುತ್ತೇನೆ: ಎರಡರ ಹಿಂದೆಯೂ ಸಣ್ಣ ಅಕ್ಷರದಲ್ಲಿ ಪ್ಯಾರಸಿಟಮಾಲ್.

ನುಂಗಿದ್ದರಲ್ಲಿ ಹೆಚ್ಚಿನ ಪಾಲನ್ನು ಲಿವರ್ ನಿರುಪದ್ರವಿಯಾಗಿಸಿ ಮೂತ್ರಕ್ಕೆ ಕಳಿಸುತ್ತದೆ. ಸ್ವಲ್ಪ ಭಾಗ ಮಾತ್ರ ಅಲ್ಲೇ ವಿಷವಾಗುತ್ತದೆ. ಅದನ್ನು ಗ್ಲುಟಥಯೋನ್ ಎಂಬ ವಸ್ತು ಹುಟ್ಟಿದಲ್ಲೇ ಅಡಗಿಸುತ್ತದೆ. ಮಾತ್ರೆ ಅತಿಯಾದರೆ ಗ್ಲುಟಥಯೋನ್ ದಾಸ್ತಾನು ಬರಿದಾಗಿ, ವಿಷ ಲಿವರಿನ ಜೀವಕೋಶಗಳನ್ನೇ ಕೊಲ್ಲುತ್ತದೆ.

ಇಷ್ಟಾದರೂ ಮೊದಲ ದಿನ ಹೆಚ್ಚೇನೂ ಕಾಣಿಸದೇ ಇರಬಹುದು. ಒಂದಿಷ್ಟು ವಾಕರಿಕೆ, ಸುಸ್ತು, ಅಷ್ಟೇ. ಇನ್ನೊಮ್ಮೆ ಹೇಳುತ್ತೇನೆ, ಮೊದಲ ದಿನ ಚೆನ್ನಾಗಿಯೇ ಇರುತ್ತಾರೆ. ಕಾಫಿ ಕುಡಿಯುತ್ತಾರೆ, ಮಾತಾಡುತ್ತಾರೆ. ಕಣ್ಣು ಹಳದಿಯಾಗುವ ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ ಗ್ಲುಟಥಯೋನನ್ನು ಮತ್ತೆ ತುಂಬಿಸುತ್ತದೆ. ಮಾತ್ರೆ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಲಿವರ್ ಬಹುಮಟ್ಟಿಗೆ ಉಳಿಯುತ್ತದೆ. ಆ ಎಂಟು ಗಂಟೆಯನ್ನು “ಚೆನ್ನಾಗಿದ್ದಾನಲ್ಲ, ನಾಳೆ ನೋಡೋಣ” ಎಂದು ಕಳೆದು ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದೇ ಅಪಾಯ. ಎಳನೀರು, ಮಜ್ಜಿಗೆಯಿಂದ ಈ ವಿಷ ಇಳಿಯುವುದಿಲ್ಲ. ತಡವಾಗಿದ್ದರೂ ಕರೆತನ್ನಿ, ಚಿಕಿತ್ಸೆಯಿದೆ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮಕ್ಕಳಿಗೆ ತೂಕ ನೋಡಿ ಔಷಧಿ. ಒಂದು ಬಾಟಲಿಯ 5 ಮಿಲಿ ಸಿರಪ್‌ನಲ್ಲಿ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250 ಇರುತ್ತದೆ. ಅಡುಗೆಮನೆ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳವೇ ಇರಲಿ. ಯಾರಾದರೂ ಬೇಸರದ ಭರದಲ್ಲಿ ಹೆಚ್ಚು ಮಾತ್ರೆ ನುಂಗಿದ್ದರೆ ಬೈಯುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಮನಸ್ಸು ಕುಸಿದವರು ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಯಾವಾಗ ಬೇಕಾದರೂ ಮಾತಾಡಬಹುದು. ಆಸ್ಪತ್ರೆಗೆ ಬರುವಾಗ ಖಾಲಿ ಸ್ಟ್ರಿಪ್ಪುಗಳನ್ನೂ ತನ್ನಿ, ಎಷ್ಟು ಹೊತ್ತಿಗೆ ನುಂಗಿದ್ದೆಂದು ಹೇಳಿ.