ಬಕೆಟ್ ನೀರಿನ ಪ್ರಯಾಣ, ಬಿಳಿ ಪರದೆಯ ಮೇಲೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಪಾತ್ರೆ ತೊಳೀತಿರೋರು ಸ್ವಲ್ಪ ಜಾಸ್ತಿ ಗಮನ ಕೊಡಿ, ಯಾಕಂದ್ರೆ ಇವತ್ತಿನ ವಿಷಯ ನಿಮ್ಮ ಸಿಂಕಿನಿಂದಲೇ ಶುರುವಾಗುತ್ತೆ.

ಒಂದು ಪ್ರಶ್ನೆ. ನಿಮ್ಮ ಮನೆ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿದ್ರೆ ಬೆಂಗಳೂರಿನ ಮೂರನೇ ಕ್ಲಾಸ್ ಮಗು ಕೂಡ 'ಕಾವೇರಿ' ಅನ್ನುತ್ತೆ. ಅದೇ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. 'ಮೋರಿಗೆ.' ಆಮೇಲೆ? ಅಲ್ಲಿಗೆ ಮಾತು ನಿಲ್ಲುತ್ತೆ. ಮಗುವಿನದು ಬಿಡಿ, ನಮ್ಮದೂ ನಿಲ್ಲುತ್ತೆ.

ನಾನಿರೋ ಜೀವನ್ ಬಿಮಾ ನಗರವನ್ನೇ ತಗೊಳ್ಳಿ. ಜೀವ ವಿಮೆಯ ಹೆಸರನ್ನೇ ಇಟ್ಟುಕೊಂಡಿರೋ ಬಡಾವಣೆ ಇದು. ಇಲ್ಲಿಗೆ ಬರೋ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರುತ್ತೆ. ಸುಮ್ಮನೆ ಹರಿದು ಬರಲ್ಲ. ಮೂರು ಹಂತದಲ್ಲಿ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. ನಾನು ಕಾಮರ್ಸ್ ಓದಿದವನು, ನಂಗೆ ತಕ್ಷಣ ಕಾಣೋದು ಕರೆಂಟ್ ಬಿಲ್. ಅಷ್ಟು ಖರ್ಚು ಮಾಡಿ ತಂದ ನೀರನ್ನ ನಾವು ಒಂದು ಸಲ ಮೈಮೇಲೆ ಸುರಿದುಕೊಂಡು ಕಳಿಸಿಬಿಡ್ತೀವಿ.

ಎಲ್ಲಿಗೆ? ಬೆಂಗಳೂರು ಒಂದು ದಿಬ್ಬದ ಮೇಲೆ ಕೂತಿರೋ ಊರು. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ, ಅರ್ಕಾವತಿ ಸೇರಿ ಮತ್ತೆ ಕಾವೇರಿಗೇ ಹೋಗುತ್ತೆ. ಪೂರ್ವಕ್ಕೆ ಇಳಿದದ್ದು ಬೇರೆ ದಾರಿ. ಹಲಸೂರು ಕೆರೆಯ ಕೋಡಿ ನೀರು, ನಮ್ಮ ಸುತ್ತಮುತ್ತಲಿನ ರಾಜಕಾಲುವೆಗಳು, ಚಲ್ಲಘಟ್ಟ ಕಣಿವೆ, ಅಲ್ಲಿಂದ ಬೆಳ್ಳಂದೂರು ಕೆರೆ, ವರ್ತೂರು ಕೆರೆ, ಕೊನೆಗೆ ದಕ್ಷಿಣ ಪಿನಾಕಿನಿ. ಅದು ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟು ದಾಟಿ, ತಮಿಳುನಾಡಿನ ಉದ್ದಕ್ಕೂ ಹರಿದು ಕಡಲೂರಿನ ಹತ್ತಿರ ಸಮುದ್ರ ಸೇರುತ್ತೆ. ಅಂದ್ರೆ ನಾವು ಕುಡಿಯೋದು ಒಂದು ನದಿದು, ಕೊಳೆ ಬಿಡೋದು ಇನ್ನೊಂದು ನದಿಗೆ. ಹೀಗೆ ಒಂದೇ ಕಡೆಗೆ ಇಳಿದು ಸೇರೋ ನೀರಿನ ಇಡೀ ನೆಲಕ್ಕೆ ಜಲಾನಯನ ಪ್ರದೇಶ ಅಂತಾರೆ. ಪರೀಕ್ಷೆಗೆ ಎರಡು ಮಾರ್ಕ್ಸ್ ಪ್ರಶ್ನೆ, ಬದುಕಿಗೆ ಮಾತ್ರ ದೊಡ್ಡ ಪ್ರಶ್ನೆ.

ಇದನ್ನ ಎಂಟು ವರ್ಷದ ಮಗುವಿಗೆ ಹೇಗೆ ಹೇಳೋದು? ಮ್ಯಾಪ್ ತೋರಿಸಿದ್ರೆ ಆಕಳಿಸುತ್ತೆ. ಬೆಳ್ಳಂದೂರಿನ ನೊರೆ, ಬೆಂಕಿಯ ವಿಡಿಯೋ ತೋರಿಸಿದ್ರೆ 'ವಾವ್' ಅಂದು ಮುಂದಿನ ವಿಡಿಯೋಗೆ ಹೋಗುತ್ತೆ. ನನ್ನ ಉತ್ತರ: ಗೊಂಬೆ. ಅದರಲ್ಲೂ ನಮ್ಮದೇ ತೊಗಲು ಗೊಂಬೆ.

ಈ ಆಟಕ್ಕೂ ನೀರಿಗೂ ಹಳೇ ನಂಟಿದೆ. ಮಳೆ ಕೈಕೊಟ್ಟ ವರ್ಷ ಹಳ್ಳಿಗಳಲ್ಲಿ ತೊಗಲು ಗೊಂಬೆ ಆಟ ಆಡಿಸಿದ್ರೆ ಮಳೆ ಬರುತ್ತೆ ಅನ್ನೋ ನಂಬಿಕೆ ಇತ್ತು. ಇದನ್ನ ಉಳಿಸಿಕೊಂಡು ಬಂದ ಶಿಳ್ಳೇಕ್ಯಾತ ಸಮುದಾಯದವರಲ್ಲಿ ಕೆರೆಗೆ ಬಲೆ ಹಾಕಿ ಮೀನು ಹಿಡಿಯೋದೂ ಕಸುಬೇ. ಕೆರೆ ಬತ್ತಿದ್ರೆ, ಕೆಟ್ಟರೆ, ಮೊದಲು ಹೊಡೆತ ಬೀಳೋದು ಇಂಥ ಮನೆಗಳಿಗೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ.

'ರಾಮಾಯಣ, ಮಹಾಭಾರತದ ಗೊಂಬೆಗೆ ಮೋರಿ ಕಥೆ ಹೇಳಿಸೋದಾ' ಅಂತ ಯಾರಾದ್ರೂ ಮೂಗು ಮುರಿಯಬಹುದು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರನ್ನ ನೆನೆಸಿಕೊಳ್ಳಿ. 2023ರಲ್ಲಿ ತೀರಿಕೊಂಡ ಈ ಹಿರಿಯ ಕಲಾವಿದರು ಗಾಂಧೀಜಿಯ ಕಥೆಯನ್ನೇ ತೊಗಲು ಗೊಂಬೆಯಲ್ಲಿ ಆಡಿಸಿದ್ರು. ಹೊಸ ಕಥೆ ಹೊರೋ ಶಕ್ತಿ ಈ ಕಲೆಗೆ ಮೊದಲಿಂದಲೂ ಇದೆ.

ಇನ್ನೊಂದು ಕಾರಣ, ಆಟದ ಶುರುವಿಗೇ ಬರೋ ಜೋಡಿ: ಕಿಳ್ಳೇಕ್ಯಾತ, ಬಂಗಾರಕ್ಕ. ಅವನದು ಕರಿ ಮೈ, ಡೊಳ್ಳು ಹೊಟ್ಟೆ, ಹಿಡಿತವಿಲ್ಲದ ನಾಲಿಗೆ. ಅವನಿಗೆ ಸರಿಯಾಗಿ ತಿರುಗಿ ಕೊಡೋಳು ಅವಳು. ದೊಡ್ಡವರ ಮುಖಕ್ಕೆ ಹೇಳಬಾರದ ಮಾತನ್ನೆಲ್ಲ ಹೇಳೋ ಲೈಸೆನ್ಸ್ ಇರೋದು ಈ ಇಬ್ಬರಿಗೇ. ನೀರಿನ ವಿಷಯದಲ್ಲಿ ನಮಗೆ ಬೇಕಾಗಿರೋದೂ ಅಂಥ ಬಾಯಿ. ಒಂದು ಸ್ಯಾಂಪಲ್ ಕೇಳಿ, ನಾನೇ ಬರೆದಿದ್ದು.

ಕ್ಯಾತ: ಲೇ ಬಂಗಾರಿ, ನಾನು ಸ್ನಾನ ಮಾಡಿದ ನೀರು ಎಲ್ಲೋಯ್ತೇ?
ಬಂಗಾರಕ್ಕ: ಮೋರಿಗೆ.
ಕ್ಯಾತ: ಮೋರಿ?
ಬಂಗಾರಕ್ಕ: ರಾಜಕಾಲುವೆಗೆ. ಅಲ್ಲಿಂದ ಕೆರೆಗೆ. ಕೆರೆಯಿಂದ ಹೊಳೆಗೆ.
ಕ್ಯಾತ: ಅಬ್ಬಾ, ಪೀಡೆ ತೊಲಗ್ತು!
ಬಂಗಾರಕ್ಕ: ಎಲ್ಲಿ ತೊಲಗ್ತು? ನನ್ನ ತವರೂರಿಗೆ ಹೋಗಿ ಕೂತೈತೆ. ಹಬ್ಬಕ್ಕೆ ಅಲ್ಲೇ ತಾನೆ ನಿಂಗೆ ಊಟ? ಅದೇ ನೀರಲ್ಲಿ ಬೆಳೆದ ಸೊಪ್ಪಿನ ಸಾರು ಬಡಿಸ್ತಾಳೆ ನಮ್ಮವ್ವ!

ಮಕ್ಕಳು ನಗ್ತಾರೆ. ನಕ್ಕಮೇಲೆ ಮರೆಯಲ್ಲ. ಇದು ಬರೀ ತಮಾಷೆಯೂ ಅಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಿದ್ದಾರೆ, ಅಂತರ್ಜಲ ಮರುಪೂರಣ ಆಗಲಿ ಅಂತ. ಒಣಗಿದ್ದ ಕೆರೆಗಳು ತುಂಬಿದ್ದು ನಿಜ. ಅದೇ ವರ್ಷ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿದ್ದೂ ನಿಜ. ನೀರನ್ನ ಎರಡನೇ ಹಂತದವರೆಗೆ ಶುದ್ಧ ಮಾಡಿದ್ರೆ ಸಾಲದು, ಮೂರನೇ ಹಂತವೂ ಬೇಕು ಅಂತ ಅಲ್ಲಿನ ರೈತರು ಕೇಳ್ತಾನೇ ಇದ್ದಾರೆ. ಕೋಲಾರದ ಟೊಮೆಟೊ, ತರಕಾರಿ ನಮ್ಮ ಮಾರ್ಕೆಟ್ಟಿಗೇ ಬರುತ್ತೆ. ಬಂಗಾರಕ್ಕನ ತವರೂರಿನ ಲೆಕ್ಕ ಅರ್ಥ ಆಯ್ತಲ್ವಾ?

ಈಗ ನೀವೇ ಮಾಡಬಹುದಾದ ಆಟ. ಅಪಾರ್ಟ್‌ಮೆಂಟ್ ಹಾಲ್, ಶಾಲೆ, ಟೆರೇಸ್, ಎಲ್ಲಾದರೂ ಸರಿ. ಒಂದು ಹಳೇ ಬಿಳಿ ಪಂಚೆ ಬಿಗಿಯಾಗಿ ಕಟ್ಟಿ. ಹಿಂದೆ ಮೊಬೈಲ್ ಟಾರ್ಚ್ ಇಡಿ. ನಿಜವಾದ ತೊಗಲು ಗೊಂಬೆಯಲ್ಲಿ ಚರ್ಮವನ್ನ ಬೆಳಕು ಹಾಯೋವಷ್ಟು ತೆಳ್ಳಗೆ ಹದ ಮಾಡಿ ಬಣ್ಣ ಹಾಕಿರ್ತಾರೆ, ಅದಕ್ಕೇ ನೆರಳು ಬಣ್ಣ ಬಣ್ಣವಾಗಿ ಬೀಳುತ್ತೆ. ನಾವು ಚರ್ಮದ ಬದಲು ಕ್ರಾಫ್ಟ್ ಅಂಗಡಿಯ ಬಣ್ಣದ ಪಾರದರ್ಶಕ ಹಾಳೆ ತಗೊಳ್ಳೋಣ. ಕಡ್ಡಿಗೆ ಅಂಟಿಸಿ. ಕ್ಯಾತನಿಗೆ ಮಾತ್ರ ದಪ್ಪ ರಟ್ಟು. ಅವನು ಕಪ್ಪಗೇ ಬೀಳಲಿ.

ಮೊದಲು ಒಂದು ತಿಳಿ ನೀಲಿ ಹಾಳೆ ಪರದೆ ಮೇಲೆ ಬರುತ್ತೆ. ಅದು ಮಳೆ ನೀರು. ಆಮೇಲೆ ಪ್ರತಿ ಮಗುವಿನ ಕೈಗೂ ಒಂದೊಂದು ತೆಳು ಹಾಳೆ ಕೊಡಿ. ಹಳದಿ ಒಬ್ಬರ ಸೋಪು, ಕಂದು ಇನ್ನೊಬ್ಬರ ಎಣ್ಣೆ ಬಾಣಲೆ, ಕೆಂಪು ಒಂದು ಕಾರ್ಖಾನೆ. ಒಂದೊಂದಾಗಿ ನೀಲಿ ಮೇಲೆ ಇಡಿಸಿ. ಒಂದು ಹಾಳೆ ಇಟ್ಟಾಗ ಏನೂ ಅನ್ಸಲ್ಲ. 'ನಂದು ಇಷ್ಟೇ ಅಲ್ವಾ' ಅಂತ ಎಲ್ಲರೂ ಅಂತಾರೆ. ಹತ್ತನೇದು ಬರೋ ಹೊತ್ತಿಗೆ ಬೆಳಕೇ ಹಾಯಲ್ಲ, ಪರದೆ ಕತ್ತಲೆ. ಜಲಾನಯನ ಅಂದ್ರೇನು ಅಂತ ನೀವು ಆಮೇಲೆ ವಿವರಿಸಬೇಕಾಗಿಲ್ಲ. ಅವರೇ ಹೇಳ್ತಾರೆ.

ಆಮೇಲೆ ಜೊಂಡು ಹುಲ್ಲಿನ ಗೊಂಬೆ ಬರಲಿ, ಶುದ್ಧೀಕರಣ ಘಟಕದ ಗೊಂಬೆ ಬರಲಿ. ಒಂದೊಂದು ಹಾಳೆ ಎತ್ತಲಿ. ಆದ್ರೆ ಎಲ್ಲಾ ಎತ್ತಿಸಬೇಡಿ. ಸೋಪಿನ ಹಾಳೆ ಒಂದೆರಡು ಉಳಿಯಲಿ. ಡಿಟರ್ಜೆಂಟಿನ ಫಾಸ್ಫೇಟ್ ಸಾಮಾನ್ಯ ಶುದ್ಧೀಕರಣದಲ್ಲಿ ಪೂರ್ತಿ ಹೋಗಲ್ಲ, ಅದನ್ನ ಸುಳ್ಳು ಹೇಳಿ ಸುಖಾಂತ್ಯ ಮಾಡೋದು ಬೇಡ. ಕೊನೆಗೆ ಒಂದು ಗಾಜಿನ ಲೋಟ ತಂದಿಡಿ, ತಿಳಿಯಾಗಿ ಕಾಣೋ ನೀರು. 'ಕುಡೀಬಹುದಾ?' ಅಂತ ಕ್ಯಾತ ಕೇಳಲಿ. ಕಣ್ಣಿಗೆ ತಿಳಿಯಾಗಿದ್ದದ್ದೆಲ್ಲ ಶುದ್ಧ ಅಲ್ಲ, ರೋಗಾಣು ಕಾಣಲ್ಲ, ಕುದಿಸಿ ಆರಿಸಿ ಕುಡಿ ಅಂತ ಬಂಗಾರಕ್ಕ ಹೇಳಲಿ.

ಪ್ರಪಂಚದಲ್ಲಿ ಇದು ಹೊಸದೇನಲ್ಲ. ವಿಯೆಟ್ನಾಂನಲ್ಲಿ ಸಾವಿರ ವರ್ಷದಷ್ಟು ಹಳೇ ನೀರಿನ ಗೊಂಬೆಯಾಟ ಇದೆ, ಆಡಿಸೋರು ಸೊಂಟದ ಮಟ್ಟ ನೀರಲ್ಲೇ ನಿಂತಿರ್ತಾರೆ. 'ಸೆಸಮೆ ಸ್ಟ್ರೀಟ್' ತಂಡ 2013ರಲ್ಲಿ ರಾಯಾ ಅನ್ನೋ ಆರು ವರ್ಷದ ಹುಡುಗಿ ಗೊಂಬೆಯನ್ನ ತಂದಿದ್ದೇ ಶೌಚ, ಕೈತೊಳೆಯೋದರ ಬಗ್ಗೆ ಮಕ್ಕಳ ಹತ್ರ ಮಾತಾಡೋಕೆ.

ಎರಡು ಮಾತು ಹೇಳಿ ಮುಗಿಸ್ತೀನಿ. ಒಂದು: ಮಕ್ಕಳ ನೀರಿನ ಪಾಠ 'ನಲ್ಲಿ ಮುಚ್ಚು ಪುಟ್ಟಾ' ಅನ್ನೋದಕ್ಕೇ ನಿಲ್ಲಬಾರದು. 2024ರ ಬೇಸಿಗೆಯಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿರಬಹುದು. ಕಾರು ಮಗುವಿನದಲ್ಲ. ರಾಜಕಾಲುವೆಗೆ ಪೈಪ್ ಬಿಟ್ಟಿದ್ದೂ ಮಗು ಅಲ್ಲ. ಉಳಿಸೋ ಭಾರವನ್ನ ಪುಟ್ಟ ಹೆಗಲಿಗೆ ಹಾಕಿ ದೊಡ್ಡವರು ಜಾರಿಕೊಳ್ಳೋದು ಬೇಡ. ಆಟಕ್ಕೆ ಅಪ್ಪ ಅಮ್ಮಂದಿರನ್ನೂ ಕೂರಿಸಿ, ಅಸೋಸಿಯೇಷನ್ ಸೆಕ್ರೆಟರಿಯನ್ನ ಮುಂದಿನ ಸಾಲಲ್ಲೇ ಕೂರಿಸಿ. ನಮ್ಮ ಕಟ್ಟಡದ ನೀರು ಎಲ್ಲಿಗೆ ಹೋಗುತ್ತೆ ಅಂತ ಕ್ಯಾತನೇ ಅವರನ್ನ ಕೇಳಲಿ.

ಎರಡು: ಮಕ್ಕಳಿಗೆ ಅಸಲಿ ಗೊಂಬೆ ತೋರಿಸಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಹಳೇ ತೊಗಲು ಗೊಂಬೆಗಳ ಸಂಗ್ರಹ ಇದೆ. ಶಾಲೆಗೆ ಕಲಾವಿದರನ್ನ ಕರೆಸೋದಾದ್ರೆ ಶಾಲು ಹೊದಿಸಿ ಕಳಿಸಬೇಡಿ. ಸಂಭಾವನೆ ಮೊದಲೇ ಮಾತಾಡಿ, ಆಟ ಮುಗಿದ ದಿನವೇ ಕೊಡಿ, ಬಸ್ ಚಾರ್ಜು, ಊಟ ಸೇರಿಸಿ. ನೀರಿನ ಹಾಗೇ ಕಲೆಯೂ ಬಿಟ್ಟಿ ಸಿಗುತ್ತೆ ಅಂದುಕೊಂಡರೆ ಅದೂ ಬತ್ತುತ್ತೆ.

ಈ ವಾರದ ಹೋಂವರ್ಕ್: ಮೊಬೈಲಲ್ಲಿ ಮ್ಯಾಪ್ ತೆಗೆದು, ಮನೆ ಮುಂದಿನ ಮೋರಿಯಿಂದ ನಿಮ್ಮ ನದಿಯವರೆಗೆ ಬೆರಳಲ್ಲಿ ಗೆರೆ ಎಳೀರಿ. ಪಕ್ಕದಲ್ಲಿ ಒಂದು ಮಗುವನ್ನ ಕೂರಿಸಿಕೊಂಡು ಎಳೀರಿ. ಯಾವ ನದಿ ಸಿಕ್ತು ಅಂತ ನಂಗೆ ವಾಯ್ಸ್ ನೋಟ್ ಕಳಿಸಿ.

ಮುಂದಿನ ವಾರ ಸಿಗೋಣ. ಪಾತ್ರೆ ಮುಗೀತಾ?