ಬಂಕ್ ಬದಲಾದರೆ ಪೆಟ್ರೋಲ್ ಬದಲಾಗುತ್ತಾ?

ಹುಲೇಕಲ್‌ನಿಂದ ಶಿರಸಿ ಪೇಟೆಗೆ ಬೈಕಲ್ಲಿ ಬರೋರನ್ನ ಕೇಳಿ ನೋಡಿ. 'ಆ ಬಂಕ್ ಬೇಡ ಮಾರಾಯ್ರೆ, ಈ ಬಂಕಲ್ಲೇ ಹಾಕ್ಸಿ, ಮೈಲೇಜ್ ಬರ್ತದೆ' ಅಂತಾರೆ. ನಿಜಾನಾ?

ರಿಫೈನರಿಯಿಂದ ಹೊರಡುವಾಗ ಅಂಥ ವ್ಯತ್ಯಾಸ ಇಲ್ಲ. 2020ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗೂ ಬಿಎಸ್-6 ಮಾನದಂಡ ಒಂದೇ. ಒಂದು ಕಂಪನಿಯ ಬಂಕಿಗೆ ಇನ್ನೊಂದರ ರಿಫೈನರಿಯ ಪೆಟ್ರೋಲ್ ಬರೋದೂ ಉಂಟು. ಕೆಡೋದು ಆಮೇಲೆ. ಬಂಕಿನ ನೆಲದಡಿ ಟ್ಯಾಂಕಿಗೆ ಮಳೆನೀರು ಇಳಿದರೆ, ಪೆಟ್ರೋಲಿನಲ್ಲಿರುವ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಇನ್ನು ಕಲಬೆರಕೆಯವರು ಸೀಮೆಎಣ್ಣೆ, ಸಾಲ್ವೆಂಟ್ ಬೆರೆಸುತ್ತಾರೆ.

ಇದು ಸಣ್ಣ ಮಾತಲ್ಲ. ಮೈಸೂರಲ್ಲಿ ಎಂಜಿನಿಯರಿಂಗ್ ಓದಿದ ನಮ್ಮ ಕೆಜಿಎಫ್ ಹುಡುಗ ಎಸ್. ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ವಯಸ್ಸು ಬರೀ 27.

ನಾವು ಬಂಕಲ್ಲಿ ನಿಂತು ಒಂದು ಪ್ರಶ್ನೆ ಕೇಳೋಕೂ ಸಂಕೋಚ ಪಡ್ತೀವಿ. ಫಿಲ್ಟರ್ ಪೇಪರ್ ಕೇಳಿ, ಅದು ನಿಮ್ಮ ಹಕ್ಕು. ಒಂದು ಹನಿ ಪೆಟ್ರೋಲ್ ಹಾಕಿ. ಆರಿದ ಮೇಲೆ ಕಪ್ಪು ಕಲೆ ಉಳಿದರೆ ಅನುಮಾನ ಸರಿ. ಅಳತೆ ಮೇಲೆ ಸಂಶಯವಾ? 5 ಲೀಟರಿನ ಮಾಪನದಲ್ಲಿ ಅಳೆಸಿ.

ಮುಖ ಸಿಂಡರಿಸದೆ ಇಷ್ಟು ಮಾಡಿ ತೋರಿಸುವ ಬಂಕೇ ಒಳ್ಳೆ ಬಂಕ್.