ಹತ್ತು ಸೆಕೆಂಡಿನ ಕರೆ

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ಕಂಡವರಿಗೆ ಆ ಒಂದು ಕ್ಷಣ ಮರೆಯುವಂಥದ್ದಲ್ಲ. ಭರತ ಹುಣ್ಣಿಮೆಯ ಜಾತ್ರೆ. ಡೆಂಕನಮರಡಿಯಲ್ಲಿ ಕಣ್ಣು ಹಾಯಿಸಿದಷ್ಟೂ ಜನ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಲೇ ಅಷ್ಟೂ ಜನಸ್ತೋಮ ಉಸಿರು ಬಿಗಿಹಿಡಿಯುತ್ತದೆ. ಒಂದೇ ಒಂದು ಮಾತು ಕೇಳಿಬರುತ್ತದೆ. ಕೂಡ್ಲಿಗಿಯ ರೈತ, ಕೊಟ್ಟೂರಿನ ವ್ಯಾಪಾರಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಭಕ್ತರು ಊರಿಗೆ ಮರಳುವ ದಾರಿಯುದ್ದಕ್ಕೂ ಮಳೆಯೇನು, ಬೆಳೆಯೇನು ಎಂದು ಅದರ ಅರ್ಥ ಬಿಡಿಸುತ್ತಾರೆ.

ಕಿರುಮಾತಿಗೆ ಹೀಗೆ ಕಿವಿಗೊಡುವ ರೂಢಿ ರೇಡಿಯೊ ಹವ್ಯಾಸಿಗಳಲ್ಲಿ, ಅಂದರೆ ಹ್ಯಾಮ್‌ಗಳಲ್ಲಿಯೂ ಉಂಟು. ಅವರು ಕಾಯುವುದು ‘ಬೀಕನ್’ ಎಂಬ ಪುಟ್ಟ ಪ್ರೇಷಕದ ಕರೆಗೆ. ವ್ಯತ್ಯಾಸವೂ ದೊಡ್ಡದೇ. ಬೀಕನ್ ಭವಿಷ್ಯ ನುಡಿಯುವುದಿಲ್ಲ. ಹಗಲೂ ರಾತ್ರಿ ತನ್ನ ಹೆಸರನ್ನಷ್ಟೇ ಹೇಳುತ್ತಿರುತ್ತದೆ. ಸುದ್ದಿಯಿರುವುದು ಆ ಹೆಸರಿನಲ್ಲಲ್ಲ. ಅದು ಕೇಳಿಸಿತೋ ಇಲ್ಲವೋ ಎಂಬುದರಲ್ಲಿ.

ಇದು ಅರ್ಥವಾಗಬೇಕಾದರೆ ಹಿರಿಯರು ರೇಡಿಯೊ ಸಿಲೋನನ್ನು ನೆನೆದರೆ ಸಾಕು. 1952ರಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಭಾರತದ ಕೇಳುಗರು ಕೊಲಂಬೊ ಕಡೆಗೆ ಕಿವಿ ತಿರುಗಿಸಿದರು. ಅಲ್ಲಿಂದ ‘ಬಿನಾಕಾ ಗೀತ್‌ಮಾಲಾ’ ಶುರುವಾದದ್ದೂ ಅದೇ ವರ್ಷ. ಒಂದು ದಿನ ಪಕ್ಕದ ಮನೆಯಲ್ಲೇ ಹಾಡಿದಂತೆ ಕೇಳುತ್ತಿದ್ದ ದನಿ ಮರುದಿನ ಏಳುತ್ತ ಬೀಳುತ್ತ ಬರುತ್ತಿತ್ತು. ಸೆಟ್ಟಿನ ದೋಷವೆಂದು ಅದರ ನೆತ್ತಿಗೆ ನಾಲ್ಕು ತಟ್ಟಿದವರೂ ಇದ್ದರು. ದೋಷ ಸೆಟ್ಟಿನದಲ್ಲ, ಬಾನಿನದು.

ನೆಲದಿಂದ ಸುಮಾರು 60 ಕಿ.ಮೀ. ಎತ್ತರದಿಂದ ನೂರಾರು ಕಿ.ಮೀ.ವರೆಗೆ ಅಯಾನುಗೋಳ ಹಬ್ಬಿದೆ. ಸೂರ್ಯನ ಅತಿನೇರಳೆ ಮತ್ತು ಕ್ಷ-ಕಿರಣಗಳು ಅಲ್ಲಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುತ್ತವೆ. ಕಿರುತರಂಗಗಳು ಈ ಪದರಗಳಲ್ಲಿ ಬಾಗಿ ಸಾವಿರಾರು ಮೈಲಿಯಾಚೆ ನೆಲಕ್ಕಿಳಿಯುತ್ತವೆ. ಕಿತ್ತುಬಿದ್ದ ಎಲೆಕ್ಟ್ರಾನುಗಳ ಸಂಖ್ಯೆ ಹಗಲಿಗೊಂದು, ಇರುಳಿಗೊಂದು. ಋತುವಿನಿಂದ ಋತುವಿಗೂ, ಸೌರಕಲೆಗಳ ಸುಮಾರು 11 ವರ್ಷದ ಆವರ್ತಕ್ಕೂ ತಕ್ಕಂತೆ ಅದು ಬದಲಾಗುತ್ತದೆ. ಆದ್ದರಿಂದ ಬೆಳಿಗ್ಗೆ ತೆರೆದಿದ್ದ ದಾರಿ ಸಂಜೆಗೆ ಮುಚ್ಚಿರಬಹುದು.

ಈ ದಾರಿಗಳನ್ನು ಹುಡುಕಿದವರಲ್ಲಿ ಹವ್ಯಾಸಿಗಳು ಮುಂಚೂಣಿಯಲ್ಲಿದ್ದರು. ಅಮೆರಿಕವು 1912ರಲ್ಲಿ ಅವರನ್ನು 200 ಮೀಟರ್ ಮತ್ತು ಅದಕ್ಕೂ ಕಡಿಮೆಯ ತರಂಗಾಂತರಗಳಿಗೆ ತಳ್ಳಿತು. ಆ ಕಾಲದ ಬಲ್ಲವರ ಎಣಿಕೆಯಲ್ಲಿ ಅದು ಬಂಜರು ಭೂಮಿ. ಆ ಬಂಜರಿನಲ್ಲೇ ಅವರು ಬೆಳೆ ತೆಗೆದರು. 1921ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳ ಸಂಕೇತ ಸ್ಕಾಟ್ಲೆಂಡಿನಲ್ಲಿ ಕೇಳಿಸಿತು. 1923ರ ನವೆಂಬರಿನಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಹವ್ಯಾಸಿಗಳು ಅಟ್ಲಾಂಟಿಕ್ ದಾಟಿ ಮಾತನಾಡಿಕೊಂಡರು. ಬಾನಿನಲ್ಲಿ ಇಂಥ ಪದರವಿದೆಯೆಂದು 1924ರಲ್ಲಿ ಪ್ರಯೋಗದಿಂದ ತೋರಿಸಿದ ಆ್ಯಪಲ್ಟನ್‌ಗೆ 1947ರಲ್ಲಿ ನೊಬೆಲ್ ಬಂತು.

ಆದರೂ ಒಂದು ಕೊರತೆ ಉಳಿದಿತ್ತು. ಕೇಳಿಸದಿದ್ದರೆ ದಾರಿ ಮುಚ್ಚಿದೆಯೋ, ಆಚೆ ಕಡೆಯವನು ಮಲಗಿದ್ದಾನೋ ತಿಳಿಯುವುದು ಹೇಗೆ? ಎಂದೂ ಮಲಗದ ಒಂದು ದನಿ ಬೇಕಾಗಿತ್ತು. ಆ ದನಿಯೇ ಬೀಕನ್. ಕ್ಯಾಲಿಫೋರ್ನಿಯದ ನಾರ್ದರ್ನ್ ಕ್ಯಾಲಿಫೋರ್ನಿಯ ಡಿಎಕ್ಸ್ ಫೌಂಡೇಷನ್ 1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ 14.100 ಮೆಗಾಹರ್ಟ್ಸ್‌ನಲ್ಲಿ ಒಂದು ಬೀಕನ್ ಹಾಕಿತು. ‘ಡಿಎಕ್ಸ್’ ಎಂದರೆ ಹ್ಯಾಮ್‌ಗಳ ಭಾಷೆಯಲ್ಲಿ ದೂರದ ಸಂಪರ್ಕ. ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಹವ್ಯಾಸಿಗಳು ಕೈಗೂಡಿಸಿದರು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟದ ಜೊತೆಗೂಡಿ ಅದು 18 ಕೇಂದ್ರಗಳ, ಐದು ಕಂಪನಾಂಕಗಳ ಜಾಲವಾಯಿತು.

ಅದರ ಶಿಸ್ತು ನೋಡುವಂಥದ್ದು. ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿ ಕೇಂದ್ರಕ್ಕೂ ಹತ್ತು ಸೆಕೆಂಡು. ಗಡಿಯಾರ ತಪ್ಪದಂತೆ ಜಿಪಿಎಸ್ ಉಪಗ್ರಹಗಳ ಕಾಲವನ್ನು ಅನುಸರಿಸುತ್ತವೆ. ಮೋರ್ಸ್ ಸಂಕೇತದಲ್ಲಿ ಹೆಸರು. ಆಮೇಲೆ ತಲಾ ಒಂದು ಸೆಕೆಂಡಿನ ನಾಲ್ಕು ಗೆರೆ. ಹೆಸರೂ ಮೊದಲ ಗೆರೆಯೂ 100 ವಾಟ್ ಬಲದಲ್ಲಿ. ಮುಂದಿನ ಗೆರೆಗಳು 10 ವಾಟ್, 1 ವಾಟ್, ಕೊನೆಯದು ವಾಟಿನ ಹತ್ತನೇ ಒಂದು ಭಾಗ. ಕೊನೆಯ ಗೆರೆಯೂ ಕೇಳಿತೆಂದರೆ ದಾರಿ ಹಸನಾಗಿದೆ. ಹೆಸರೇ ಮಸುಕಾದರೆ ಕಷ್ಟವಿದೆ. ಅಳತೆಯ ಉಪಕರಣ ಬೇಡ, ಗೆರೆ ಎಣಿಸಿದರಾಯಿತು.

ಈ ಹದಿನೆಂಟರಲ್ಲಿ ಭಾರತದ ಕೇಂದ್ರವಿಲ್ಲ. ಕೂಡ್ಲಿಗಿ ಸೀಮೆಗೆ ಹತ್ತಿರದ್ದು ಅದೇ ಕೊಲಂಬೊ, ಕರೆಹೆಸರು 4ಎಸ್7ಬಿ. 14.100ರಲ್ಲಿ ಸಂಜೆ ಆರು ಹೊಡೆದು ಒಂದೂವರೆ ನಿಮಿಷಕ್ಕೆ ಅದರ ಸರದಿ. ಹತ್ತು ಸೆಕೆಂಡಿನ ಬಳಿಕ ದಕ್ಷಿಣ ಆಫ್ರಿಕದ ಪ್ರಿಟೋರಿಯ, ಮತ್ತೆ ಹತ್ತಕ್ಕೆ ಕೆನ್ಯ. 28.200ಕ್ಕೆ ಹೋದರೆ ಒಂದು ಸೋಜಿಗ ಎದುರಾಗಬಹುದು: ಹತ್ತಿರದ ಕೊಲಂಬೊ ಮೌನ, ದೂರದ ಪ್ರಿಟೋರಿಯ ಸ್ಪಷ್ಟ. ಓರೆಯಾಗಿ ಮೇಲೇರಿದ ತರಂಗ ನಡುವಿನ ಊರುಗಳನ್ನು ಜಿಗಿದು ಆಚೆಗೆ ಬೀಳುತ್ತದೆ. ಹಾಗಾಗಿ ಮೌನವೂ ಇಲ್ಲಿ ಒಂದು ಉತ್ತರವೇ.

ಇದೆಲ್ಲ ಬರಿಯ ಚಪಲವೇ ಎಂದು ಕೇಳುವವರು 2004ರ ಡಿಸೆಂಬರ್ 26ನ್ನು ನೆನೆಯಬೇಕು. ದೂರದ ಸಂಪರ್ಕದ ಹವ್ಯಾಸಕ್ಕೆಂದೇ ಭಾರತಿ ಪ್ರಸಾದ್ ಅವರ ಮುಂದಾಳ್ತನದಲ್ಲಿ ಹ್ಯಾಮ್ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ಭೂಕಂಪ, ಸುನಾಮಿಗಳು ದೂರವಾಣಿಯನ್ನು ಕಡಿದಾಗ ಅದೇ ಕಿರುತರಂಗಗಳ ಮೂಲಕ ದ್ವೀಪದ ಜನರ ಕ್ಷೇಮಸಮಾಚಾರ ಮುಖ್ಯಭೂಮಿಗೆ ತಲುಪಿತು. ಯಾವ ಹೊತ್ತಿಗೆ ಯಾವ ದಾರಿ ತೆರೆದಿದೆ ಎಂಬ ತಿಳಿವಳಿಕೆ ಅಂಥ ದಿನ ಪುಸ್ತಕದಿಂದ ಬರುವುದಿಲ್ಲ; ಸುಮ್ಮನಿದ್ದ ದಿನಗಳಲ್ಲಿ ಕಿವಿಗೊಟ್ಟವರಿಗೆ ಬರುತ್ತದೆ. 2024ರ ಮೇ 10ರ ಸೌರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಿಂದಲೂ ಬಾನು ಕೆಂಪಾಗಿ ಕಂಡಿತು. ಬರಿಗಣ್ಣಿಗೆ ಏನೂ ಕಾಣದ ದಿನಗಳಲ್ಲೂ ಬೀಕನ್ ಆ ಬಾನಿನ ಏರಿಳಿತವನ್ನು ಹೇಳುತ್ತಿರುತ್ತದೆ.

ಬೀಕನ್‌ಗಳೇನೂ ಅಮರವಲ್ಲ. ಸಿಡಿಲು ಬಡಿಯುತ್ತದೆ, ಆಂಟೆನಾ ಮುರಿಯುತ್ತದೆ, ಯಂತ್ರ ಕೆಟ್ಟು ತಿಂಗಳುಗಟ್ಟಲೆ ನಿಲ್ಲುವುದೂ ಉಂಟು. ಸಂಬಳವಿಲ್ಲದ ಯಾರೋ ಒಬ್ಬರು ಬೆಟ್ಟ ಹತ್ತಿ ಸರಿಪಡಿಸಬೇಕು. ದನಿ ಎತ್ತಬೇಕಾದರೆ ಪರೀಕ್ಷೆ ಪಾಸಾಗಿ ಕೇಂದ್ರ ಸರ್ಕಾರದ ಪರವಾನಗಿ ಪಡೆಯಬೇಕು; ಕೇಳಲು ಮೋರ್ಸ್ ಹಿಡಿಯಬಲ್ಲ ಗ್ರಾಹಕ ಬೇಕು, ಮಾಮೂಲಿ ಟ್ರಾನ್ಸಿಸ್ಟರ್ ಸಾಲದು. ಈ ಐದು ತಾಲ್ಲೂಕುಗಳ ಶಾಲೆಗಳಲ್ಲಿ ಅಂಥದೊಂದು ಸೆಟ್ಟು, ಒಂದು ಗಡಿಯಾರ, ಒಂದು ನೋಟ್‌ಬುಕ್ಕು ಇದ್ದರೆ ಮಕ್ಕಳೇ ದಿನಕ್ಕೆ ಮೂರು ನಿಮಿಷ ಬಾನಿನ ಲೆಕ್ಕ ಬರೆದಿಡಬಹುದು. ಒಂದು ಮಾತಿಗಾಗಿ ಉಸಿರು ಬಿಗಿಹಿಡಿದು ನಿಲ್ಲುವುದನ್ನು ಮೈಲಾರದ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.